ಎಡಗಡೆ ಕನ್ನಡಿ ತಿರುಗದಿದ್ದರೆ ಬಲಗಡೆ ಬಾಗಿಲನ್ನೂ ನೋಡಿ

(ಪಾಡ್‌ಕಾಸ್ಟ್‌ನ ಈ ವಾರದ ಕಂತಿನ ಬರಹ ರೂಪ)

ನಾನು ಸೇಡಂನಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡುವವನು. ಸೇಡಂ ಅಂದ್ರೂ ಕೆಲಸ ಅಲ್ಲಿಗಷ್ಟೇ ಮುಗಿಯೋದಿಲ್ಲ. ಚಿತ್ತಾಪುರ, ವಾಡಿ, ಶಹಾಬಾದ್, ಅತ್ತ ಚಿಂಚೋಳಿ, ಎಲ್ಲಾ ಕಡೆಯಿಂದ ಗಾಡಿ ಬರ್ತಾವ. ಇವತ್ತು ಒಂದೇ ವಿಷಯ ಮಾತಾಡ್ತೀನಿ. ಬಟನ್ ಒತ್ತಿದರೆ ತಿರುಗುವ ಸೈಡ್ ಮಿರರ್ ಇರ್ತದಲ್ಲ, ಅದು ತಿರುಗೋದು ನಿಲ್ಲಿಸಿದಾಗ ದೋಷ ಎಲ್ಲಿದೆ ಅಂತ ಹುಡುಕೋದು ಹೆಂಗ?

ಇಷ್ಟು ಸಣ್ಣ ವಿಷಯಕ್ಕೆ ಒಂದು ಕಂತು ಬೇಕಾ ಅಂತ ನೀವು ಕೇಳಬಹುದು. ನಮ್ಮ ರಸ್ತೆ ನೆನಪು ಮಾಡಿಕೊಳ್ಳಿ. ಶಹಾಬಾದ್ ಕಡೆಯಿಂದ ಫರಸಿ ಕಲ್ಲು ಹೇರಿಕೊಂಡ ಲಾರಿ, ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಬಲ್ಕರ್, ಸುಗ್ಗಿಯಲ್ಲಿ ತೊಗರಿ ಹೇರಿದ ಟ್ರ್ಯಾಕ್ಟರ್, ನಡುವೆ ನುಸುಳುವ ಬೈಕು. ಎಡಗಡೆಯಿಂದ ಯಾರು ಬರ್ತಿದ್ದಾರೆ ಅಂತ ಡ್ರೈವರ್‌ಗೆ ತೋರಿಸೋದು ಎಡಗನ್ನಡಿ. ಅದರ ಗಾಜು ಆಕಾಶ ನೋಡ್ತಾ ನಿಂತಿದ್ದರೆ ಕನ್ನಡಿ ಇದ್ದೂ ಇಲ್ಲದಂಗ. ಸೀಟಿನಲ್ಲಿ ಕೂತು ಕೈ ಚಾಚಿದರೆ ಅದು ಸಿಗೋದಿಲ್ಲ. ಗಾಡಿ ನಿಲ್ಲಿಸಿ, ಇಳಿದು, ಬೆರಳಿನಿಂದ ಗಾಜು ಒತ್ತಿ ಸರಿ ಮಾಡೋರು ಬಹಳ ಮಂದಿ ಇದ್ದಾರೆ. ಜೋರಾಗಿ ಒತ್ತಿದರೆ ಒಳಗಿನ ಪ್ಲಾಸ್ಟಿಕ್ ಹಲ್ಲು, ಕ್ಲಿಪ್ಪು ಮುರೀತಾವ. ಆಗ ಹತ್ತು ರೂಪಾಯಿಯ ದೋಷ ಸಾವಿರಾರು ರೂಪಾಯಿಯದ್ದು ಆಗ್ತದ.

ಇನ್ನೊಂದು ಕಾರಣ ಹಣದ್ದೇ. ಕನ್ನಡಿ ತಿರುಗಲಿಲ್ಲ ಅಂದ ಕೂಡಲೇ "ಮೋಟರ್ ಹೋಗ್ಯದ, ಇಡೀ ಮಿರರ್ ಬದಲಿಸಬೇಕು" ಅನ್ನೋ ಮಾತು ಬರ್ತದ. ಮೋಟರ್ ಹೋಗೋದಿಲ್ಲ ಅಂತ ನಾನು ಹೇಳೋದಿಲ್ಲ, ಹೋಗ್ತದ. ಆದರೆ ಫ್ಯೂಸು, ಸ್ವಿಚ್ಚು, ಕಪ್ಲರ್, ವೈರ್ ಈ ನಾಲ್ಕನ್ನೂ ನೋಡಿದ ಮೇಲೆ ಮೋಟರಿನ ಮೇಲೆ ಅನುಮಾನ ಪಡಬೇಕು.

ಮೊದಲು ಒಳಗೆ ಏನಿದೆ ಅಂತ ತಿಳಕೊಳ್ಳೋಣ. ಗಾಜಿನ ಹಿಂದೆ ಎರಡು ಪುಟ್ಟ ಮೋಟರ್ ಇರ್ತಾವ. ಒಂದು ಗಾಜನ್ನು ಮೇಲೆ-ಕೆಳಗೆ ಮಾಡ್ತದ, ಇನ್ನೊಂದು ಎಡಕ್ಕೆ-ಬಲಕ್ಕೆ. ಬಟನ್ ಒತ್ತಿದರೆ ಇಡೀ ಕನ್ನಡಿ ಮಡಚಿಕೊಳ್ಳುವ ಗಾಡಿಯಲ್ಲಿ ಅದಕ್ಕೆ ಮೂರನೇ ಮೋಟರ್ ಬೇರೆ. ಸಾದಾ ಗಾಡಿಗಳಲ್ಲಿ ಗಾಜು ತಿರುಗಿಸೋದಕ್ಕೆ ಕನ್ನಡಿಗೆ ಹೋಗೋದು ಮೂರೇ ವೈರು. ಒಂದು ಎರಡೂ ಮೋಟರಿಗೆ ಸೇರಿದ್ದು, ಉಳಿದೆರಡು ಒಂದೊಂದು ಮೋಟರಿನವು. ನೀವು "ಮೇಲೆ" ಅಂತ ಒತ್ತಿದಾಗ ಸ್ವಿಚ್ಚು ಒಂದು ವೈರಿಗೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಕೊಡ್ತದ. "ಕೆಳಗೆ" ಅಂತ ಒತ್ತಿದಾಗ ಅದನ್ನೇ ತಿರುವಿ ಕೊಡ್ತದ. ಮೋಟರ್ ಅದೇ, ವೈರೂ ಅದೇ, ಕರೆಂಟಿನ ದಿಕ್ಕು ಮಾತ್ರ ಉಲ್ಟಾ. ಈ ಒಂದು ಮಾತು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗೀತು.

ಯಾಕಂದ್ರ ಏನು ಕೆಲಸ ಮಾಡ್ತದ, ಏನು ಮಾಡೋದಿಲ್ಲ ಅನ್ನೋದೇ ದೋಷದ ವಿಳಾಸ ಹೇಳ್ತದ. ಸ್ಕ್ರೂಡ್ರೈವರ್ ಹಿಡಿಯೋದಕ್ಕಿಂತ ಮೊದಲು ಸೀಟಿನಲ್ಲಿ ಕೂತು ಕೀ ಆನ್ ಮಾಡಿ, ಎಡ-ಬಲ ಆರಿಸುವ ಗುಂಡಿ ನೋಡಿ. ಬಹಳ ಗಾಡಿಗಳಲ್ಲಿ ಅದು ನಟ್ಟನಡುವೆ ಇದ್ದರೆ ಎರಡೂ ಕನ್ನಡಿ ಬಂದ್. ಗುಂಡಿ ನಡುವೆ ಇಟ್ಟುಕೊಂಡೇ "ಕೆಟ್ಟದ" ಅಂತ ಬಂದ ಗಾಡಿಗಳೂ ಇದ್ದಾವ. ಗುಂಡಿ ಸರಿಯಿದ್ದರೆ ಎರಡೂ ಕನ್ನಡಿಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಎರಡೂ ಕನ್ನಡಿ, ಎಲ್ಲಾ ದಿಕ್ಕಿಗೂ ಸತ್ತಿವೆಯಾ? ಎರಡೂ ಕಡೆಯ ಮೋಟರ್ ಒಂದೇ ದಿನ ಸಾಯೋದಿಲ್ರಿ. ಫ್ಯೂಸ್ ನೋಡಿ, ಸ್ವಿಚ್ಚಿಗೆ ಬರುವ ಕರೆಂಟ್ ನೋಡಿ, ಸ್ವಿಚ್ಚಿನ ಅರ್ತಿಂಗ್ ನೋಡಿ, ಆಮೇಲೆ ಸ್ವಿಚ್ಚು ನೋಡಿ.

ಒಂದೇ ಕನ್ನಡಿ, ಆದರೆ ನಾಲ್ಕೂ ದಿಕ್ಕಿಗೆ ಸತ್ತಿದೆಯಾ? ಅದರ ಎರಡು ಮೋಟರಿಗೂ ಸೇರಿದ ವೈರು ಎಲ್ಲೋ ಕಡಿದಿದೆ, ಇಲ್ಲವೇ ಕಪ್ಲರ್ ಕಳಚಿದೆ. ಆ ಬದಿಯನ್ನು ಆರಿಸುವ ಗುಂಡಿಯ ಸಂಪರ್ಕವೂ ಹೋಗಿರಬಹುದು.

ಮೇಲೆ-ಕೆಳಗೆ ಸರಿ, ಎಡಕ್ಕೆ-ಬಲಕ್ಕೆ ಇಲ್ಲವಾ? ಆ ಒಂದು ಮೋಟರ್, ಅಥವಾ ಅದರ ವೈರು.

ಮೇಲೆ ಹೋಗ್ತದ, ಕೆಳಗೆ ಬರೋದಿಲ್ಲವಾ? ಈಗ ಯೋಚನೆ ಮಾಡಿ. ಎರಡಕ್ಕೂ ಮೋಟರ್ ಒಂದೇ, ವೈರೂ ಒಂದೇ. ಮೇಲೆ ಹೋದಮೇಲೆ ಎರಡೂ ಗಟ್ಟಿ ಇವೆ ಅಂತಾಯ್ತು. ಗಾಜು ಎಲ್ಲಿಯೂ ಸಿಕ್ಕಿಕೊಂಡಿಲ್ಲದಿದ್ದರೆ ದೋಷ ಸ್ವಿಚ್ಚಿನೊಳಗಿನ ಸಂಪರ್ಕದಲ್ಲಿದೆ. ಇಂಥ ಗಾಡಿಗೆ ಹೊಸ ಮಿರರ್ ಹಾಕಿದರೂ ದೋಷ ಹಂಗೇ ಉಳೀತದ.

ಕೊನೆಯದು: ಒಳಗೆ ಗರ್ರ್ ಅಂತ ಸದ್ದು ಬರ್ತದ, ಗಾಜು ಮಾತ್ರ ಅಲ್ಲಾಡೋದಿಲ್ಲ. ಅದು ಕರೆಂಟಿನ ತಕರಾರೇ ಅಲ್ಲ. ಮೋಟರ್ ತಿರುಗ್ತಿದೆ, ಹಲ್ಲು ಸವೆದಿದೆ ಅಥವಾ ಗಾಜು ತನ್ನ ಹಿಡಿಯಿಂದ ಕಳಚಿದೆ. ಮೀಟರ್ ಹಿಡಿದು ಹೊತ್ತು ಕಳೀಬ್ಯಾಡ್ರಿ.

ಈಗ ಒಂದು ಗಾಡಿಯ ಕಥೆ. ಚಿಂಚೋಳಿಯಿಂದ ಒಬ್ಬರು ಬಂದರು, ಬಾಡಿಗೆ ಕಾರು ಓಡಿಸುವವರು. "ಅಣ್ಣಾ, ಎಡಗಡಿ ಕನ್ನಡಿ ಅಲ್ಲಾಡವಲ್ದು. ಹೊಸಾದು ಹಾಕ್ಬೇಕು ಅಂದಾರ, ರೊಕ್ಕಾ ಬಾಳ ಹೇಳ್ಯಾರ" ಅಂದರು. ಬಲಗನ್ನಡಿ ಸರಿ ಇತ್ತು. ಅಂದ್ರೆ ಫ್ಯೂಸ್ ಸರಿ, ಸ್ವಿಚ್ಚಿಗೆ ಕರೆಂಟ್ ಬರ್ತಿದೆ. ಎಡಗಡೆ ಬಾಗಿಲಿನ ಪ್ಯಾಡ್ ತೆಗೆದು, ಮಿರರಿನ ಕಪ್ಲರ್ ಬಿಚ್ಚಿ, ಅವರಿಗೇ ಬಟನ್ ಒತ್ತಲು ಹೇಳಿ ಮೀಟರ್ ಇಟ್ಟೆ. ಏನೂ ಇಲ್ಲ. ಕರೆಂಟೇ ಬರದಿದ್ದರೆ ಮಿರರ್ ಏನು ಮಾಡೀತು? ಹೊಸದು ಹಾಕಿದ್ದರೂ ಅದು ಸುಮ್ಮನೆ ಕೂರುತ್ತಿತ್ತು.

"ಹಂಗಾದ್ರ ಈ ಬಾಗಲದಾಗೇ ವೈರ್ ಕಡದದೇನ್ರಿ?" ಅಂತ ಕೇಳಿದರು. ನಾನು ಎದ್ದು ಬಲಗಡೆ ಬಾಗಿಲಿಗೆ ಹೋದೆ. ಅವರಿಗೆ ವಿಚಿತ್ರ ಅನಿಸಿತು. ಅವರ ಗಾಡಿಯಲ್ಲಿ ಸ್ವಿಚ್ಚು ಇದ್ದದ್ದು ಡ್ರೈವರ್ ಬಾಗಿಲಿನಲ್ಲಿ. ಎಡಗನ್ನಡಿಗೆ ಹೋಗುವ ವೈರು ಅಲ್ಲಿಂದಲೇ ಹೊರಡಬೇಕು. ಬಲ ಬಾಗಿಲಿನಿಂದ ಹೊರಬಂದು, ಡ್ಯಾಶ್‌ಬೋರ್ಡಿನ ಹಿಂದೆ ದಾಟಿ, ಎಡ ಬಾಗಿಲಿಗೆ ಹೋಗಬೇಕು. ಬಾಗಿಲು ಮತ್ತು ಗಾಡಿಯ ಕಂಬದ ನಡುವೆ ಕೊಳವೆಯಂಥ ಕಪ್ಪು ರಬ್ಬರ್ ಇರ್ತದಲ್ಲ, ವೈರುಗಳೆಲ್ಲ ಅದರೊಳಗೆ. ಬಾಗಿಲು ತೆಗೆದಾಗೊಮ್ಮೆ, ಹಾಕಿದಾಗೊಮ್ಮೆ ಅವು ಬಾಗ್ತಾವ. ಬಾಡಿಗೆ ಗಾಡಿಯಲ್ಲಿ ಡ್ರೈವರ್ ದಿನಕ್ಕೆ ಎಷ್ಟು ಸಲ ಇಳಿದು ಹತ್ತಬೇಕು, ಲೆಕ್ಕ ಹಾಕಿ.

ಬಟನ್ ಒತ್ತಿ ಹಿಡಿಯಲು ಹೇಳಿ ಆ ರಬ್ಬರನ್ನು ಕೈಯಿಂದ ಅಲುಗಿಸಿದೆ. ಎಡಗಡೆ ಮೀಟರಿನಲ್ಲಿ 12 ವೋಲ್ಟ್ ಬಂತು, ಹೋಯ್ತು. ರಬ್ಬರ್ ಸರಿಸಿದರೆ ಒಂದು ವೈರಿನ ಮೇಲ್ಪದರ ನೋಡೋಕೆ ಚೆನ್ನಾಗಿಯೇ ಇತ್ತು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ರಬ್ಬರಿನಂಗ ಉದ್ದ ಆಯ್ತು. ಒಳಗಿನ ತಾಮ್ರ ಕಡಿದಿತ್ತು. ಇದನ್ನೇ ಹೇಳೋದಕ್ಕೆ ಇವತ್ತು ಬಂದಿದ್ದು: ಎಡಗನ್ನಡಿಯ ದೋಷ ಬಲ ಬಾಗಿಲಿನಲ್ಲಿ ಇರಬಹುದು. ಕನ್ನಡಿ ಎಲ್ಲಿದೆ ಅಂತ ನೋಡಬ್ಯಾಡ್ರಿ, ಅದಕ್ಕೆ ಕರೆಂಟ್ ಯಾವ ದಾರಿಯಲ್ಲಿ ಬರ್ತದ ಅಂತ ನೋಡ್ರಿ. ಒಂದು ಸುಳಿವೂ ಇದೆ. ಅದೇ ಬಾಗಿಲಿನ ಪವರ್ ವಿಂಡೋ, ಸೆಂಟ್ರಲ್ ಲಾಕ್ ಅಥವಾ ಸ್ಪೀಕರ್ ಕೂಡ ಒಮ್ಮೊಮ್ಮೆ ಕೈ ಕೊಡ್ತಿದ್ದರೆ ಮೊದಲ ಅನುಮಾನ ಆ ರಬ್ಬರ್ ಕೊಳವೆಯ ಮೇಲೆಯೇ.

ಈ ವೈರನ್ನು ತಿರುಚಿ, ಟೇಪ್ ಸುತ್ತಿ ಕಳಿಸಿದರೆ ಸ್ವಲ್ಪ ದಿನದಲ್ಲಿ ಗಾಡಿ ಮತ್ತೆ ಬಾಗಿಲಿಗೆ ಬರ್ತದ. ಬಾಗುವ ಜಾಗದಲ್ಲೇ ಬೆಸುಗೆ ಹಾಕಿದರೂ ಅಷ್ಟೇ. ಬೆಸುಗೆ ಹಾಕಿದ ತಾಮ್ರ ಬಿರುಸಾಗ್ತದ, ಅದರ ಪಕ್ಕದಲ್ಲೇ ಮತ್ತೆ ಮುರೀತದ. ರಬ್ಬರಿನ ಎರಡೂ ಕಡೆ ಸ್ವಲ್ಪ ಒಳಗೆ ಹೋಗಿ ವೈರ್ ಕತ್ತರಿಸಿ, ಅದೇ ದಪ್ಪದ, ಹೆಚ್ಚು ಎಳೆಗಳಿರುವ ಮೆತ್ತನೆ ವೈರು ಹಾಕಬೇಕು. ಜಾಯಿಂಟ್ ಬಾಗದ ಜಾಗದಲ್ಲಿ ಬರಬೇಕು, ಮೇಲೆ ಶಾಖಕ್ಕೆ ಕುಗ್ಗುವ ಸ್ಲೀವ್ ಹಾಕಬೇಕು.

ಇನ್ನು ಧೂಳು. ನಮ್ಮ ಕಡೆ ಕಲ್ಲಿನ ಪುಡಿ, ಸಿಮೆಂಟಿನ ಪುಡಿ ಗಾಡಿಗೆ ಮೆತ್ತಿಕೊಳ್ಳೋದು ಹೊಸದಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಪ್ಲಾಸ್ಟಿಕ್ಕು, ರಬ್ಬರು ಬಿರುಸಾಗಿ ಸೀಳ್ತಾವ. ಆ ಸೀಳಿನಲ್ಲಿ ಧೂಳು ಕೂರ್ತದ. ಮಳೆ ಬಂದಾಗ, ಇಲ್ಲವೇ ಪ್ರೆಷರ್ ಪಂಪಿನಿಂದ ಕನ್ನಡಿಗೆ ನೇರವಾಗಿ ನೀರು ಹೊಡೆದಾಗ ಅದು ಕೆಸರಾಗ್ತದ. ಸಿಮೆಂಟಿಗೆ ನೀರು ಬಿದ್ದರೆ ಏನಾಗ್ತದ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಗಾಜಿನ ಹಿಂದಿನ ಗುಂಡು ಜಾಯಿಂಟಿನಲ್ಲಿ ಅದು ಕೂತರೆ ಗಾಜು ಬಿಗಿಯಾಗ್ತದ, ಮೋಟರ್ ತಿಣುಕ್ತದ. ಕಪ್ಲರಿನಲ್ಲಿ ನೀರು ನಿಂತರೆ ಪಿನ್ನಿಗೆ ಹಸಿರು ಕಿಲುಬು ಹಿಡೀತದ. ಕಿಲುಬನ್ನು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹಾಕಿ ಮೆತ್ತನೆ ಬ್ರಷ್ಷಿನಿಂದ ತೆಗೀರಿ. ಪೆಟ್ರೋಲ್ ಬ್ಯಾಡ. ಬ್ಲೇಡಿನಿಂದ ಕೆರೆದರೆ ಪಿನ್ನಿನ ಮೇಲಿನ ಲೇಪನ ಹೋಗಿ ಕಿಲುಬು ಇನ್ನೂ ಬೇಗ ಬರ್ತದ.

ಮೀಟರ್ ಬಗ್ಗೆ ಒಂದು ಮಾತು. ಇಂಜಿನ್ ಬಂದ್ ಇದ್ದಾಗ ಒಳ್ಳೆ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸ್ತದ. ಬಿಚ್ಚಿದ ಕಪ್ಲರಿನಲ್ಲಿ ಮೀಟರ್ ಇಟ್ಟು 12 ವೋಲ್ಟ್ ಕಂಡ ತಕ್ಷಣ ವೈರ್ ಸರಿ ಅನ್ನಬ್ಯಾಡ್ರಿ. ತಾಮ್ರದ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12 ತೋರಿಸ್ತದ, ಯಾಕಂದ್ರ ಮೀಟರಿಗೆ ಬೇಕಾದ ಕರೆಂಟು ತೀರಾ ಕಡಿಮೆ. ಮೋಟರಿಗೆ ಹೆಚ್ಚು ಬೇಕು. ಹಾಗಾಗಿ ಕಪ್ಲರ್ ಸಿಕ್ಕಿಸಿ, ಬಟನ್ ಒತ್ತಿದಾಗ ಹಿಂದಿನಿಂದ ಅಳೆಯಬೇಕು. ಆಗ 12 ಇದ್ದದ್ದು 7, 8ಕ್ಕೆ ಬಿದ್ದರೆ ದಾರಿಯಲ್ಲಿ ಎಲ್ಲೋ ವೈರು ಅಥವಾ ಅರ್ತಿಂಗ್ ಸಡಿಲಾಗಿದೆ ಅಂತ ಅರ್ಥ.

ಕಪ್ಲರಿನಲ್ಲಿ ಪೂರ್ತಿ ಕರೆಂಟ್ ಬಂದೂ ಗಾಜು ತಿರುಗದಿದ್ದರೆ ಈಗ ಮೋಟರಿನ ಸರದಿ. ಕಪ್ಲರ್ ಬಿಚ್ಚಿ, ಚೌಕಾಕಾರದ 9 ವೋಲ್ಟಿನ ಬ್ಯಾಟರಿಯನ್ನು ಆ ಮೋಟರಿನ ಎರಡು ಪಿನ್ನಿಗೆ ಒಂದು ಕ್ಷಣ ಮುಟ್ಟಿಸಿ. ತಿರುಗಿದರೆ ಮೋಟರ್ ಗಟ್ಟಿ. ತಿರುವಿ ಮುಟ್ಟಿಸಿದರೆ ಗಾಜು ಆ ಕಡೆ ತಿರುಗಬೇಕು. ಆದರೆ ಇಂಡಿಕೇಟರ್, ಹೀಟರ್, ಮೆಮೊರಿ ಇರುವ ಕನ್ನಡಿಯಲ್ಲಿ ಪಿನ್ ಬಹಳ ಇರ್ತಾವ. ಯಾವುದು ಯಾವುದರದ್ದು ಅಂತ ವೈರಿಂಗ್ ನಕ್ಷೆ ನೋಡದೆ ಬ್ಯಾಟರಿ ಮುಟ್ಟಿಸಬಾರದು.

ಮೂರು ಎಚ್ಚರಿಕೆ. ಒಂದು, ಫ್ಯೂಸ್ ಸುಟ್ಟಿದ್ದರೆ ಅದೇ ಆಂಪಿಯರಿನದ್ದೇ ಹಾಕಿ. ತಂತಿ ಸುತ್ತಿದರೆ, ದೊಡ್ಡ ಫ್ಯೂಸ್ ಹಾಕಿದರೆ, ಮುಂದಿನ ಸಲ ಸುಡೋದು ವೈರಿಂಗ್. ಹೊಸ ಫ್ಯೂಸೂ ಕೂಡಲೇ ಸುಟ್ಟರೆ ಎಲ್ಲೋ ವೈರು ಬಾಡಿಗೆ ತಾಗ್ತಿದೆ, ಅದನ್ನು ಹುಡುಕಬೇಕು. ಎರಡು, ಹೊಸ ಗಾಡಿಗಳಲ್ಲಿ ಸ್ವಿಚ್ಚು ನೇರವಾಗಿ ಮೋಟರಿಗೆ ಕರೆಂಟ್ ಕೊಡೋದಿಲ್ಲ, ನಡುವೆ ಕಂಪ್ಯೂಟರ್ ಪೆಟ್ಟಿಗೆ ಇರ್ತದ. ಅಲ್ಲಿ ಬಲ್ಬಿನ ಟೆಸ್ಟ್ ಲ್ಯಾಂಪ್ ಚುಚ್ಚಬ್ಯಾಡ್ರಿ, ಮೀಟರ್ ಮಾತ್ರ ಬಳಸಿ, ಸ್ಕ್ಯಾನರ್ ಇರುವವರ ಹತ್ತಿರ ಹೋಗಿ. ಮೂರು, ಹಳದಿ ಬಣ್ಣದ ಕಪ್ಲರ್ ಕಂಡರೆ ಕೈ ಹಿಂದಕ್ಕೆ ತಗೊಳ್ಳಿ. ಸಾಮಾನ್ಯವಾಗಿ ಅದು ಏರ್‌ಬ್ಯಾಗಿನದ್ದು. ಅದಕ್ಕೆ ಮೀಟರನ್ನೂ ಇಡಬಾರದು.

ಇದೆಲ್ಲ ಕೇಳಿ ನೀವೇ ಬಾಗಿಲು ಬಿಚ್ಚಬೇಕು ಅಂತೇನಿಲ್ಲ. ಚೀಟಿಯಲ್ಲಿ ಬರೆದುಕೊಂಡು ಹೋದರೂ ಸಾಕು: "ಎಡಗನ್ನಡಿ, ನಾಲ್ಕೂ ದಿಕ್ಕಿಗೆ ಇಲ್ಲ, ಬಲಗನ್ನಡಿ ಸರಿ, ಸದ್ದು ಇಲ್ಲ." ಒಳ್ಳೆ ಕೆಲಸಗಾರನಿಗೆ ಈ ಒಂದು ಸಾಲು ಅರ್ಧ ತಾಸು ಉಳಿಸ್ತದ. ಯಾರಾದರೂ ಇಡೀ ಮಿರರ್ ಬದಲಿಸಬೇಕು ಅಂದರೆ ಜಗಳ ಮಾಡಬ್ಯಾಡ್ರಿ, ಒಂದೇ ಪ್ರಶ್ನೆ ಕೇಳ್ರಿ: "ಅಣ್ಣಾ, ಬಟನ್ ಒತ್ತಿದಾಗ ಮಿರರಿನ ಕಪ್ಲರ್‌ತನಕ ಕರೆಂಟ್ ಬರ್ತದೇನು? ಮೀಟರ್ ಇಟ್ಟು ತೋರಸ್ರಿ." ಬರ್ತಿದ್ದರೆ ಮಿರರಿಗೆ ರೊಕ್ಕ ಕೊಡೋದು ನ್ಯಾಯ. ಬರದಿದ್ದರೆ ರೊಕ್ಕ ಕಿಸೆಯಲ್ಲೇ ಇರಲಿ, ವೈರ್ ಹುಡುಕಿಸ್ರಿ.

ಮುಂದಿನ ಕಂತಿನಲ್ಲಿ ಸಿಗೋಣ. ಅಲ್ಲಿತನಕ ಎಡಕ್ಕೆ ತಿರುಗೋ ಮುಂಚೆ ಎಡಗನ್ನಡಿ ನೋಡ್ರಿ. ಶರಣು.