ಬಾನಿನಿಂದ ಕಡಲ ಗಾಳಿಯ ಅಳತೆ



ಮಹಾಲಿಂಗಪುರದ ಬೆಲ್ಲಕ್ಕೂ ಅರಬ್ಬಿ ಸಮುದ್ರದ ಗಾಳಿಗೂ ಏನು ಸಂಬಂಧ? ಬೆಲ್ಲಕ್ಕೆ ಕಬ್ಬು ಬೇಕು, ಕಬ್ಬಿಗೆ ನೀರು ಬೇಕು. ಆ ಸೀಮೆಗೆ ನೀರುಣಿಸುವ ಘಟಪ್ರಭೆ ಹುಟ್ಟುವುದು ಸಹ್ಯಾದ್ರಿಯಲ್ಲಿ. ಸಹ್ಯಾದ್ರಿಗೆ ಮಳೆ ತರುವುದು ಕಡಲಿನಿಂದ ತೇವ ಹೊತ್ತು ಬರುವ ನೈಋತ್ಯ ಮಾರುತ. ಹೀಗಾಗಿ ಕಡಲ ಗಾಳಿಯ ಅಳತೆ ಮಲ್ಪೆಯ ಮೀನುಗಾರರಿಗಷ್ಟೇ ಅಲ್ಲ, ಒಳನಾಡಿನ ರೈತರಿಗೂ ಬೇಕಾದದ್ದು.

ಹಿಂದೆ ಈ ಅಳತೆ ಬಹುಮಟ್ಟಿಗೆ ಹಡಗುಗಳು ಸಾಗುವ ದಾರಿಯಲ್ಲಿ ಮಾತ್ರ ಸಿಗುತ್ತಿತ್ತು. 1978ರಲ್ಲಿ ಅಮೆರಿಕದ ಸೀಸ್ಯಾಟ್ ಉಪಗ್ರಹವು ರೇಡಾರಿನಿಂದ ಕಡಲ ಗಾಳಿಯನ್ನು ಅಳೆಯಬಹುದೆಂದು ತೋರಿಸಿತು. ನಮ್ಮ ಇಸ್ರೋ ಸಂಸ್ಥೆಯು 2009ರಲ್ಲಿ ಓಷನ್‌ಸ್ಯಾಟ್-2, 2016ರಲ್ಲಿ ಸ್ಕ್ಯಾಟ್‌ಸ್ಯಾಟ್-1, 2022ರಲ್ಲಿ ಓಷನ್‌ಸ್ಯಾಟ್-3 ಉಪಗ್ರಹಗಳನ್ನು ಹಾರಿಸಿತು. ಈ ಮೂರರಲ್ಲೂ ಸ್ಕ್ಯಾಟರೋಮೀಟರ್ ಎಂಬ ರೇಡಾರನ್ನು ಅಳವಡಿಸಲಾಗಿತ್ತು.

ಗಾಳಿ ಕಣ್ಣಿಗೆ ಕಾಣದು, ರೇಡಾರಿಗೂ ಕಾಣದು. ಆದರೆ ಗಾಳಿ ಬೀಸಿದಾಗ ಕೆರೆಯ ನೀರಿನ ಮೇಲೆ ನವಿರಾದ ಸುಕ್ಕುಗಳು ಏಳುವುದನ್ನು ನೀವು ನೋಡಿದ್ದೀರಿ. ಈ ಉಪಗ್ರಹಗಳ ರೇಡಾರ್ ತರಂಗಗಳ ಉದ್ದ ಸುಮಾರು 2.2 ಸೆಂಟಿಮೀಟರ್. ಒಂದೆರಡು ಸೆಂಟಿಮೀಟರ್ ಅಂತರದ ಕಿರುಅಲೆಗಳಿಗೆ ತಾಗಿ ಅವು ಹಿಂದಿರುಗುತ್ತವೆ. ಗಾಳಿ ಜೋರಾದಷ್ಟೂ ಸುಕ್ಕು ಹೆಚ್ಚು, ಪ್ರತಿಧ್ವನಿಯೂ ಹೆಚ್ಚು.

ಇಲ್ಲಿಯೇ ತೊಡಕುಗಳೂ ಇವೆ. ಮೊದಲನೆಯದು, ದಿಕ್ಕು. ಬೇರೆ ಬೇರೆ ದಿಕ್ಕಿನ, ಬೇರೆ ಬೇರೆ ವೇಗದ ಗಾಳಿಗಳು ಒಂದೇ ಬಗೆಯ ಪ್ರತಿಧ್ವನಿ ಕೊಡಬಲ್ಲವು. ಆದ್ದರಿಂದ ತಿರುಗುವ ತಟ್ಟೆಯಂತಹ ಆಂಟೆನಾ ಕಡಲಿನ ಅದೇ ಭಾಗವನ್ನು ಹಲವು ಕೋನಗಳಿಂದ ನೋಡುತ್ತದೆ. ಆಮೇಲೂ ಒಂದಕ್ಕಿಂತ ಹೆಚ್ಚು ಉತ್ತರಗಳು ಉಳಿಯುತ್ತವೆ. ಅಕ್ಕಪಕ್ಕದ ಗಾಳಿ ಹಾಗೂ ಹವಾಮಾನದ ಗಣಕ ಮಾದರಿಗಳನ್ನು ನೋಡಿ ಸರಿಯಾದದ್ದನ್ನು ಆರಿಸಬೇಕು.

ಎರಡನೆಯದು, ಮಳೆ. ಮಳೆಹನಿಗಳು ತರಂಗವನ್ನು ಹೀರುತ್ತವೆ, ಚದುರಿಸುತ್ತವೆ, ನೀರಿಗೆ ಬಿದ್ದು ಹೊಸ ಸುಕ್ಕನ್ನೂ ಎಬ್ಬಿಸುತ್ತವೆ. ನಿಖರ ಮಾಹಿತಿ ಅತ್ಯಗತ್ಯವಾದ ಚಂಡಮಾರುತದ ವೇಳೆಯಲ್ಲೇ ಈ ತೊಂದರೆ ಹೆಚ್ಚು. ಅಂತಹ ಅಳತೆಗಳನ್ನು ಗುರುತಿಸಿ ಬೇರ್ಪಡಿಸುತ್ತಾರೆ. ಇಲ್ಲವೇ ಮಳೆಯಿಂದ ಕಡಿಮೆ ಬಾಧಿತವಾಗುವ, ಸುಮಾರು 5.7 ಸೆಂಟಿಮೀಟರ್ ತರಂಗ ಬಳಸುವ ಯುರೋಪಿನ ಮೆಟಾಪ್ ಉಪಗ್ರಹಗಳ ಅಳತೆಯೊಡನೆ ಹೋಲಿಸುತ್ತಾರೆ.

ಮೂರನೆಯದು, ಕರಾವಳಿ. ನೆಲದ ಪ್ರತಿಧ್ವನಿ ಕಡಲಿನದರೊಡನೆ ಬೆರೆಯುವುದರಿಂದ ದಡದ ಹತ್ತಿರದ ಅಳತೆ ನಂಬಿಕೆಗೆ ಬಾರದು.

ಕೊನೆಯ ಪರೀಕ್ಷೆ ಕಡಲಿನಲ್ಲೇ. ಲಂಗರು ಹಾಕಿ ತೇಲಬಿಟ್ಟ ಉಪಕರಣಗಳು ನೀರಿನಿಂದ ಕೆಲವೇ ಮೀಟರ್ ಮೇಲೆ ಗಾಳಿಯನ್ನು ಅಳೆಯುತ್ತವೆ. ಆ ಅಂಕಿಯನ್ನು 10 ಮೀಟರ್ ಎತ್ತರದ ಗಾಳಿಗೆ ಲೆಕ್ಕಹಾಕಿ ಉಪಗ್ರಹದ ಅಂಕಿಯೊಡನೆ ತಾಳೆ ನೋಡುತ್ತಾರೆ. ರೇಡಾರ್ ತನ್ನ ಹದ ತಪ್ಪಿದೆಯೇ ಎಂದು ತಿಳಿಯಲು ಅಮೆಜಾನ್ ಕಾಡಿನ ಪ್ರತಿಧ್ವನಿಯೂ ನೆರವಾಗುತ್ತದೆ; ಅದು ಹೆಚ್ಚು ಬದಲಾಗದು.

ಇಷ್ಟೊಂದು ನಿಖರತೆ ಏಕೆ? ಗಾಳಿಯು ನೀರನ್ನು ತಳ್ಳುವ ಬಲ ಸ್ಥೂಲವಾಗಿ ವೇಗದ ವರ್ಗಕ್ಕೆ ಅನುಗುಣವಾದದ್ದು. ವೇಗವನ್ನು ಶೇಕಡ 10ರಷ್ಟು ಹೆಚ್ಚಾಗಿ ಅಳೆದರೆ ಬಲದ ಲೆಕ್ಕ ಶೇಕಡ 21ರಷ್ಟು ಹೆಚ್ಚಾಗುತ್ತದೆ. ಅಲೆಗಳ ಮುನ್ಸೂಚನೆಯೂ ತಪ್ಪುತ್ತದೆ. ಆ ಮುನ್ಸೂಚನೆ ನಂಬಿ ದೋಣಿ ಇಳಿಸುವವರ ಜೀವ ಅಪಾಯಕ್ಕೆ ಸಿಲುಕುತ್ತದೆ. ಬಾನಿನಲ್ಲಿ ಎಷ್ಟೇ ಒಳ್ಳೆಯ ಉಪಕರಣವಿದ್ದರೂ ನೀರಿನ ಮೇಲಿನ ಅಳತೆಯನ್ನು ಕೈಬಿಡಲಾಗದು ಎಂಬುದನ್ನು ನೆನಪಿಡಿ.