ಮಾಲ್ಗುಡಿ ಇರಲಿ, ಅರಸಾಳು ಅಳಿಯದಿರಲಿ

(ಯುವ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರಿಂಟಿಂಗ್ ಪ್ರೆಸ್ಸಿಗೆ ಕೂತವನು. ಮೊಳೆ ಜೋಡಿಸುವ ಕಾಲದಿಂದ ಆಫ್‌ಸೆಟ್‌ವರೆಗೆ ಅಕ್ಷರ ನೋಡಿಕೊಂಡೇ ಬಂದಿದ್ದೇನೆ. ಒಂದು ಹೆಸರು ಬಿಟ್ಟುಹೋದರೆ ನನಗೆ ಊಟ ಸೇರುವುದಿಲ್ಲ.

ಹೋದ ವರ್ಷ ಒಬ್ಬ ಟೂರಿನವನು ಕರಪತ್ರ ಮಾಡಿಸಲು ಬಂದ. ಜೋಗ, ಸಾಗರ, 'ಮಾಲ್ಗುಡಿ ಸ್ಟೇಷನ್'. "ಊರಿನ ಹೆಸರೆಲ್ಲಪ್ಪಾ?" ಅಂದೆ. "ಅರಸಾಳು ಅಂದ್ರೆ ಯಾರಿಗ್ ಗೊತ್ತು ಸಾರ್?" ಅಂದ. ಅವನಾದರೋ ಅಚ್ಚ ಕನ್ನಡದವನೇ!

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅರಸಾಳು ಇರುವುದು ಹೊಸನಗರ ತಾಲ್ಲೂಕಿನಲ್ಲಿ, ಕುಂಸಿ ಮತ್ತು ಆನಂದಪುರದ ನಡುವೆ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಆ ಕವಲು ದಾರಿ ಮೈಸೂರು ಸಂಸ್ಥಾನದ ಕಾಲದ್ದು. ಮಲೆನಾಡಿನ ಕಾಡು ದಾಟಿ 1940ರ ಹೊತ್ತಿಗೆ ಹಳಿ ತಾಳಗುಪ್ಪ ಮುಟ್ಟಿತು. ಅಲ್ಲಿಂದ ಜೋಗ ಹತ್ತಿರ. ಮೀಟರ್ ಗೇಜ್ ಹಳಿ, ಹೆಂಚಿನ ಸಣ್ಣ ಕಟ್ಟಡ, ದಿನಕ್ಕೆ ಬೆರಳೆಣಿಕೆಯ ಗಾಡಿ. ಕೊನೆಕೊನೆಗೆ ಬಸ್ಸಿನಂಥ 'ರೈಲ್‌ಬಸ್' ಓಡುತ್ತಿತ್ತು.

ಈ ಪುಟ್ಟ ನಿಲ್ದಾಣವನ್ನೇ ನಮ್ಮ ಶಂಕರಣ್ಣ ಹುಡುಕಿ 'ಮಾಲ್ಗುಡಿ ಡೇಸ್'ಗೆ ಮಾಲ್ಗುಡಿ ಮಾಡಿದರು. 1986ರಲ್ಲಿ ದೂರದರ್ಶನದಲ್ಲಿ ಬಂತು. ಕಥೆ ಮೈಸೂರಿನ ಆರ್.ಕೆ. ನಾರಾಯಣ್ ಅವರದು, ಗಿರೀಶ್ ಕಾರ್ನಾಡ್, ಅನಂತನಾಗ್, ವಿಷ್ಣುವರ್ಧನ್, ಮಾಸ್ಟರ್ ಮಂಜುನಾಥ್ ನಟಿಸಿದರು. ನೆಲ ನಮ್ಮದು, ಮುಖ ನಮ್ಮವು, ಮಾತು ಹಿಂದಿ. ಅದಕ್ಕೆ ಶಂಕರಣ್ಣನನ್ನು ದೂರಬೇಡಿ. ಇಡೀ ದೇಶಕ್ಕೆ ಮಲೆನಾಡನ್ನು ತೋರಿಸಿದ್ದು ಅವರು. 1990ರಲ್ಲಿ ಹೋಗಿಬಿಟ್ಟರು, ಆ ಸಂಕಟ ಈಗಲೂ ಆರಿಲ್ಲ.

ಬ್ರಾಡ್ ಗೇಜ್ ಹಳಿ 2011ರಲ್ಲಿ ತಾಳಗುಪ್ಪ ಮುಟ್ಟಿತು. ಅರಸಾಳಿಗೆ ಹೊಸ ಕಟ್ಟಡ ಬಂತು, ಹಳೆಯದು ಪಾಳು ಬಿತ್ತು. ಟಿಕೆಟ್ ಕೊಟ್ಟ ಕಿಟಕಿಯನ್ನು ಕೇಳುವವರಿಲ್ಲ. ಕೊನೆಗೆ ಧಾರಾವಾಹಿಯ ಕಲಾ ನಿರ್ದೇಶಕ ಜಾನ್ ದೇವರಾಜ್ ಅವರೇ ನಿಂತು ದುರಸ್ತಿಯಲ್ಲಿ ಕೈಜೋಡಿಸಿದರು. 2020ರಲ್ಲಿ ಅದು 'ಮಾಲ್ಗುಡಿ ಮ್ಯೂಸಿಯಂ' ಆಯಿತು. ಬಿದ್ದುಹೋಗುವ ಗೋಡೆ ಉಳಿಯಿತು. ರೈಲ್ವೆಯವರಿಗೆ ಇದಕ್ಕೊಂದು ನಮಸ್ಕಾರ ಹೇಳಲೇಬೇಕು, ನಾವು ಬೈಯುವುದು ಬೇಕಾದಷ್ಟಿದ್ದರೂ.

ಆದರೆ 2019ರಲ್ಲಿ ನಿಲ್ದಾಣದ ಹೆಸರನ್ನೇ ಮಾಲ್ಗುಡಿ ಮಾಡುವ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತಲ್ಲ, ಅಲ್ಲಿ ನನ್ನ ತಕರಾರು. ಮಾಲ್ಗುಡಿ ಭೂಪಟದಲ್ಲಿಲ್ಲದ ಊರು. ಅರಸಾಳಿನಲ್ಲಿ ಜನ ಇದ್ದಾರೆ, ಅಡಿಕೆ ಬೆಳೆಯುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಇಲ್ಲದ ಊರಿಗಾಗಿ ಇರುವ ಊರು ಬೋರ್ಡಿನಿಂದ ಇಳಿಯಬೇಕೇ? ಮ್ಯೂಸಿಯಮ್ಮಿಗೆ ಆ ಹೆಸರಿರಲಿ, ಬೇಡವೆಂದವರಾರು? ಹಳದಿ ಫಲಕದ ಮೇಲೆ ಮಾತ್ರ ಅರಸಾಳು ಎಂದೇ ಇರಬೇಕು.

ಆ ಕರಪತ್ರ ಏನಾಯಿತು ಅಂತೀರಾ? 'ಅರಸಾಳು' ಎಂದು ದಪ್ಪಕ್ಷರದಲ್ಲಿ, ಕೆಳಗೆ ಸಣ್ಣದಾಗಿ 'ಮಾಲ್ಗುಡಿ ಚಿತ್ರೀಕರಣವಾದ ನಿಲ್ದಾಣ' ಎಂದು ಹಾಕಿ ಪ್ರೂಫ್ ತೋರಿಸಿದೆ. ಗೊಣಗಿದ. ಆ ಒಂದು ಸಾಲಿಗೆ ದುಡ್ಡು ಬೇಡ ಅಂದೆ. ಒಪ್ಪಿ ಎರಡು ಸಾವಿರ ಪ್ರತಿ ಒಯ್ದ.