ಹಲ್ಲು ಸರಿಯಾಯಿತು, ಹೊಟ್ಟೆ ನಿಂತಿತು



ಮಕ್ಕಳು ಅಕ್ಕರೆಯಿಂದ ಸಾಕುವ ಗಿನಿಪಿಗ್ ಬಗ್ಗೆ ಇಂದು ನಾಲ್ಕು ಮಾತು. ತಮಿಳಿನಲ್ಲಿ ಇದಕ್ಕೆ ಸೀಮೈ ಪೆರುಚ್ಚಾಳಿ ಎನ್ನುತ್ತಾರೆ. ಆದರೆ ಇದು ಹಂದಿಯೂ ಅಲ್ಲ, ಹೆಗ್ಗಣವೂ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಜನ ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿದ, ಹುಲ್ಲು ತಿನ್ನುವ ಸಾಧು ಪ್ರಾಣಿ.

ಇದರ 20 ಹಲ್ಲುಗಳೂ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅರೆದು ಅರೆದು ಅವು ಸವೆಯಬೇಕು. ಬರೀ ಮೆತ್ತನೆಯ ತಿಂಡಿ ಹಾಕಿದರೆ ದವಡೆ ಹಲ್ಲು ಬೆಳೆದು ನಾಲಿಗೆಯ ಮೇಲೆ ಬಾಗುತ್ತದೆ. ಆಗ ಪ್ರಾಣಿ ತಿನ್ನಲು ಬರುತ್ತದೆ, ಆದರೆ ತಿನ್ನಲಾರದು. ಜೊಲ್ಲು ಸುರಿಯುತ್ತದೆ, ತೂಕ ಇಳಿಯುತ್ತದೆ.

ನಮ್ಮ ಮೊಮ್ಮಗಳ ಗಿನಿಪಿಗ್ಗಿಗೂ ಹೀಗೇ ಆಯಿತು. ಪಟ್ಟಣದಲ್ಲಿ ಅರಿವಳಿಕೆ ಕೊಟ್ಟು ಹಲ್ಲು ಸವೆಸಿದರು. ಮೂರನೆಯ ದಿನ ಅದು ತೀರಿಕೊಂಡಿತು. "ಹಲ್ಲು ಸರಿಯಾಯಿತಲ್ಲ ತಾತಾ, ಮತ್ತೆ ಯಾಕೆ ಹೋಯಿತು?" ಎಂದು ಮಗು ಕೇಳಿತು. ಆ ಪ್ರಶ್ನೆಗೆ ಉತ್ತರ ಹಲ್ಲಿನಲ್ಲಿಲ್ಲ, ಹೊಟ್ಟೆಯಲ್ಲಿದೆ.

ಈ ಪ್ರಾಣಿಯ ಕರುಳು ನಡೆಯಬೇಕಾದರೆ ನಾರು ಒಳಗೆ ಹೋಗುತ್ತಲೇ ಇರಬೇಕು. ಅರ್ಧ ದಿನ ಆಹಾರ ನಿಂತರೂ ಅಪಾಯ. ಕರುಳು ನಿಧಾನವಾಗುತ್ತದೆ, ವಾಯು ತುಂಬುತ್ತದೆ, ಜೀವ ಸೋಲುತ್ತದೆ. ಇದಕ್ಕೆ ವಾಂತಿ ಬರುವುದಿಲ್ಲ. ಆದ್ದರಿಂದ ಮನುಷ್ಯರಿಗೆ ಮಾಡಿಸುವಂತೆ ಹಿಂದಿನ ರಾತ್ರಿಯೆಲ್ಲ ಉಪವಾಸ ಕೆಡವಬಾರದು. ಎಷ್ಟು ಹೊತ್ತಿಗೆ ಮೇವು ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿಕೊಳ್ಳಿ.

ಚಿಕಿತ್ಸೆ ಮುಗಿದ ಮೇಲೆ ಮೊದಲು ಬೇಕಾದದ್ದು ಬೆಚ್ಚಗೆ. ಕಲ್ಲಟ್ಟಿಯ 36 ತಿರುವುಗಳ ದಾರಿಯಲ್ಲಿ ಚಳಿಗಾಳಿ ತಾಗದಂತೆ, ಒಣಹುಲ್ಲು ಹಾಸಿದ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಜೊತೆಗೆ ತನ್ನಿ. ಅದು ಪೂರ್ತಿ ಎಚ್ಚೆತ್ತ ಮೇಲೂ ತಾನಾಗಿ ತಿನ್ನದಿದ್ದರೆ, ಗಿನಿಪಿಗ್ಗಿನ ಹುಲ್ಲಿನ ಗುಳಿಗೆಯನ್ನು ನೀರಿನಲ್ಲಿ ನೆನೆಸಿ ಗಂಜಿಯಂತೆ ಕಲಸಿ. ಸೂಜಿ ತೆಗೆದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಸ್ವಲ್ಪ ಸ್ವಲ್ಪವಾಗಿ, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ತಿನ್ನಿಸಿ. ಅವಸರ ಮಾಡಿದರೆ ಶ್ವಾಸನಾಳಕ್ಕೆ ಇಳಿದೀತು. ಹಿಕ್ಕೆ ನಿಂತರೆ ಬೆಳಗಿನ ತನಕ ಕಾಯದೆ ವೈದ್ಯರಿಗೆ ತಿಳಿಸಿ.

ನೋವಿದ್ದರೆ ಅದು ತಿನ್ನುವುದೇ ಇಲ್ಲ. ಆದ್ದರಿಂದ ಮನೆಗೆ ಹೊರಡುವ ಮೊದಲೇ ನೋವಿನ ಔಷಧಿ ಕೇಳಿ ಪಡೆಯಿರಿ. ಮನೆಯಲ್ಲಿ ಉಳಿದ ಮಾತ್ರೆ ಕೊಡಲೇಬೇಡಿ. ನಮಗೆ ಒಗ್ಗುವ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಪೆನಿಸಿಲಿನ್ ಇದರ ಕರುಳಿನ ಒಳ್ಳೆಯ ಜೀವಾಣುಗಳನ್ನು ಕೊಂದು ಪ್ರಾಣವನ್ನೇ ತೆಗೆಯಬಲ್ಲವು.

ಇನ್ನು ಸಿ ಜೀವಸತ್ವ. ನಮ್ಮಂತೆಯೇ ಗಿನಿಪಿಗ್ಗೂ ಇದನ್ನು ಮೈಯಲ್ಲಿ ತಯಾರಿಸಿಕೊಳ್ಳಲಾರದು. ಕೂನೂರಿನ ಪಾಶ್ಚರ್ ಸಂಸ್ಥೆ ಹುಟ್ಟಿದ 1907ರಲ್ಲೇ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ಬರೀ ಧಾನ್ಯ ತಿಂದ ಗಿನಿಪಿಗ್ಗಿಗೆ ಸ್ಕರ್ವಿ ಬರುವುದನ್ನು ತೋರಿಸಿದರು. ಸ್ಕರ್ವಿಯಾದರೆ ಒಸಡು ಸಡಿಲವಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ದಿನವೂ ಸ್ವಲ್ಪ ದಪ್ಪ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಕೊಡಿ. ನಮ್ಮ ಬೆಟ್ಟದಲ್ಲಿ ಕ್ಯಾರೆಟ್ ಧಾರಾಳ, ಆದರೂ ಅದು ಸಿಹಿ. ಅಪರೂಪಕ್ಕೆ ಒಂದು ಚೂರು ಸಾಕು.

ಎಲ್ಲಕ್ಕಿಂತ ಮೇಲು, ಚಿಕಿತ್ಸೆಯೇ ಬೇಡವಾಗುವಂತೆ ನೋಡಿಕೊಳ್ಳುವುದು. ಒಣಹುಲ್ಲು ಹಗಲಿರುಳೂ ಮುಂದಿರಲಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಮಕ್ಕಳ ಕೈಯಲ್ಲೇ ಪುಸ್ತಕದಲ್ಲಿ ಬರೆಸಿ. ಬಾಯಿಲ್ಲದ ಜೀವಿ ತನ್ನ ನೋವನ್ನು ಹೇಳದು, ತೂಕ ಹೇಳುತ್ತದೆ.